ಅರ್ಥಕ್ಕೆ ಎರಡು ಅರ್ಥ



ಎರಡು ವರ್ಷಗಳಿಗೊಮ್ಮೆ ಈ ಸ್ಮರಣ ಸಂಚಿಕೆಯ ಮೂಲಕ ನಿಮ್ಮೊಡನೆ ನಾಲ್ಕು ಮಾತನಾಡುವ ಅವಕಾಶವನ್ನು ಸಂಪಾದಕ ಮಂಡಳಿಯವರು ನನಗಾಗಿ ಉಳಿಸಿಕೊಂಡು ಬಂದಿದ್ದಾರೆ. ಕಳೆದ ಬಾರಿ ತಾಯ್ನಾಡಿನಲ್ಲಿ ಒಂಟಿಯಾಗಿ ಉಳಿದ ಹಿರಿಯರ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಮಹನೀಯರೊಬ್ಬರು, "ಬಾಳಿನ ಗುರಿ, ಸಂಸ್ಕೃತಿ ಎಂದೆಲ್ಲ ಬರೆಯುತ್ತೀರಿ, ಹಣದ ವಿಷಯವನ್ನು ಮಾತ್ರ ಗಂಡಸರಿಗೆ ಬಿಟ್ಟಿದ್ದೀರಾ?" ಎಂದು ಕೇಳಿ ಕಳುಹಿಸಿದರು. ಬಿಟ್ಟಿಲ್ಲ. ಮೂವತ್ತು ವರ್ಷಗಳಿಂದ ಮನೆಯ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿಯೇ ಇದೆ. ಈ ಸಲ ಅದನ್ನು ತೆರೆದುಕೊಂಡೇ ಬರೆಯಲು ಕುಳಿತಿದ್ದೇನೆ.

ನಮ್ಮ ಭಾಷೆಯಲ್ಲಿ ಹಣವನ್ನೂ ಗುರಿಯನ್ನೂ ಬೇರ್ಪಡಿಸುವುದೇ ಕಷ್ಟ. ಅರ್ಥವೆಂದರೆ ಧನ, ಅರ್ಥವೆಂದರೆ ಮಾತಿನ ಹುರುಳು, ಬದುಕಿನ ಹುರುಳು. ನಾಲ್ಕು ಪುರುಷಾರ್ಥಗಳಲ್ಲಿ ಎರಡನೆಯ ಸ್ಥಾನವನ್ನು ಅರ್ಥಕ್ಕೆ ಕೊಟ್ಟ ಹಿರಿಯರು, ನಾಲ್ಕನ್ನೂ ಸೇರಿಸಿ ಹೇಳುವಾಗ ಮತ್ತೆ ಅದೇ ಪದವನ್ನು ಗುರಿ ಎಂಬ ಭಾವದಲ್ಲಿ ಬಳಸಿದರು. ('ಪುರುಷಾರ್ಥ'ದಲ್ಲಿ ಸ್ತ್ರೀಯರ ಪಾಲೆಲ್ಲಿ ಎಂದು ನನ್ನ ಮಗಳು ಕೇಳುತ್ತಾಳೆ. ಅವಳನ್ನು ಸಮಾಧಾನಪಡಿಸುವಷ್ಟು ಸಂಸ್ಕೃತ ನನಗೆ ಬಾರದು.) ವ್ಯರ್ಥ, ಅನರ್ಥ, ಸಾರ್ಥಕ, ಕೃತಾರ್ಥ ಇವೆಲ್ಲ ಒಂದೇ ಬುಡದಿಂದೊಡೆದ ಚಿಗುರುಗಳು. ಆದ್ದರಿಂದಲೇ ಒಂದು ದೇಶದ ಅಥವಾ ಸಂಘದ ಆಯವ್ಯಯ ಪತ್ರವನ್ನು ನಾನು ಅಂಕಿಗಳ ಪಟ್ಟಿಯೆಂದು ಓದುವುದಿಲ್ಲ. ಅದನ್ನು ಬರೆದವರು ಯಾವುದನ್ನು ಸಾರ್ಥಕವೆಂದು ಬಗೆದರು, ಯಾವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂಬುದನ್ನು ತಿಳಿಸುವ ಪತ್ರವೆಂದು ಓದುತ್ತೇನೆ.

ಹೀಗೆ ಓದುವ ಅಭ್ಯಾಸ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಆರಂಭವಾಯಿತು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ನಾನು ಆರಿಸಿಕೊಂಡ ವಿಷಯಗಳು. ರಾಷ್ಟ್ರೀಯ ವರಮಾನದ ಪಾಠ ನಡೆಯುತ್ತಿದ್ದಾಗ ನಮ್ಮ ಉಪನ್ಯಾಸಕಿಯವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎತ್ತಿದ ಒಂದು ಒಗಟನ್ನು ಹೇಳಿದರು: ಸಂಬಳ ಪಡೆಯುತ್ತಿದ್ದ ಮನೆಗೆಲಸದಾಕೆಯನ್ನು ಯಜಮಾನನೇ ಮದುವೆಯಾದರೆ ರಾಷ್ಟ್ರೀಯ ವರಮಾನ ಕುಗ್ಗುತ್ತದೆ. ಅದೇ ಕೈ, ಅದೇ ಪಾತ್ರೆ, ಅದೇ ಸಾರು; ಸಂಬಳ ನಿಂತಿತು, ಲೆಕ್ಕದಿಂದ ಹೊರಗಾಯಿತು. ತರಗತಿಯಲ್ಲಿದ್ದ ನಾವೆಲ್ಲ ನಕ್ಕೆವು. "ನಗಬೇಡಿ, ಎರಡು ಅಂಕದ ಪ್ರಶ್ನೆ ಬರುತ್ತದೆ" ಎಂದರು. ಅಮೆರಿಕದ ರಾಷ್ಟ್ರೀಯ ವರಮಾನವನ್ನು ಮೊದಲು ವ್ಯವಸ್ಥಿತವಾಗಿ ಲೆಕ್ಕ ಹಾಕಿ 1934ರಲ್ಲಿ ಸೆನೆಟ್ಟಿಗೆ ವರದಿ ಒಪ್ಪಿಸಿದ ಸೈಮನ್ ಕುಜ್ನೆಟ್ಸ್ ಕೂಡ ಗೃಹಿಣಿಯರ ದುಡಿಮೆಯನ್ನು ಹೊರಗಿಟ್ಟಿರುವುದಾಗಿ ಆ ವರದಿಯಲ್ಲಿಯೇ ಹೇಳಿಕೊಂಡಿದ್ದರು. ಹೊರಗಿಟ್ಟೆನೆಂದು ಬರೆದಿಟ್ಟ ಅವರ ಪ್ರಾಮಾಣಿಕತೆ ದೊಡ್ಡದು; ಅವರ ನಂತರ ಆ ಅಂಕಿಯನ್ನು ಬಳಸಿದವರು ಆ ಮಾತನ್ನು ಮರೆತರು.

ಮದುವೆಯಾಗಿ 1995ರ ಜನವರಿಯ ಹಿಮದಲ್ಲಿ ಈ ದೇಶಕ್ಕೆ ಬಂದಿಳಿದಾಗ ನನ್ನ ಪಾಸ್‌ಪೋರ್ಟಿನಲ್ಲಿ ಎಚ್-4 ಎಂಬ ಮುದ್ರೆಯಿತ್ತು. ಎಚ್-1ಬಿ ಉದ್ಯೋಗಿಯ ಪತ್ನಿ ಎಂದು ಅದರ ಭಾವಾರ್ಥ. ದುಡಿಯುವ ಹಕ್ಕಿಲ್ಲ ಎಂಬುದು ವಾಚ್ಯಾರ್ಥ. ನಮ್ಮ ತಲೆಮಾರಿನ ಎಷ್ಟೋ ಎಂ.ಎಸ್ಸಿ.ಗಳು, ಬಿ.ಇ.ಗಳು ಆ ಮುದ್ರೆಯ ಕೆಳಗೆ ತಮ್ಮ ಪದವಿಪತ್ರಗಳನ್ನು ಮಡಿಸಿಟ್ಟರು. ಹಸಿರು ಚೀಟಿಯ ದಾರಿಯಲ್ಲಿ ಒಂದು ಹಂತ ದಾಟಿದ ಉದ್ಯೋಗಿಗಳ ಪತ್ನಿಯರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಜಾರಿಯಾದದ್ದು 2015ರ ಮೇ ತಿಂಗಳಿನಲ್ಲಿ. ನಮಗೆ ಹಸಿರು ಚೀಟಿಯೇ 2002ರಲ್ಲಿ ಬಂದಿದ್ದುದರಿಂದ ಆ ನಿಯಮದ ಹಂಗು ನನಗಿರಲಿಲ್ಲ. ಬಂದ ಮರುವರ್ಷ ಶಾಲೆಯೊಂದರ ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರಿ, ಒಂದೂವರೆ ವರ್ಷ ದುಡಿದೆ.

ಕೆಲವು ವರ್ಷಗಳ ಹಿಂದೆ ಮಗ ಗಣಕಯಂತ್ರದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ನನ್ನ ಖಾತೆಯನ್ನು ತೆರೆದುಕೊಟ್ಟ. ಎಡಗಡೆ ಇಸವಿಗಳು, ಬಲಗಡೆ ಆಯಾ ವರ್ಷದ ಗಳಿಕೆ. 2003 ಮತ್ತು 2004ರ ಎದುರಿಗೆ ಚಿಕ್ಕ ಚಿಕ್ಕ ಮೊತ್ತಗಳು. 2005ರಿಂದ ಕೆಳಗೆ ಒಂದೇ ಸಮನೆ ಸೊನ್ನೆ. ಶ್ರಾವಣದ ಮುಂಜಾನೆ ಹೊಸಿಲ ಮುಂದೆ ಇಟ್ಟ ರಂಗೋಲಿಯ ಚುಕ್ಕೆಗಳಂತೆ, ಗೆರೆ ಮಾತ್ರ ಎಳೆದಿಲ್ಲ.

ಸರ್ಕಾರಕ್ಕೆ ಗೊತ್ತಿಲ್ಲದಿದ್ದರೇನು, ಆ ಗೆರೆಗಳನ್ನು ನಾನು ಎಳೆಯಬಲ್ಲೆ. 2005ರ ಸೊನ್ನೆಯಲ್ಲಿ ಮಗಳ ಆಸ್ತಮಾ ಇದೆ; ರಾತ್ರಿ ಎರಡು ಗಂಟೆಗೆ ಸ್ನಾನದ ಮನೆಯಲ್ಲಿ ಬಿಸಿನೀರಿನ ಹಬೆ ತುಂಬಿಸಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಎಷ್ಟೋ ರಾತ್ರಿಗಳಿವೆ. 2007 ನಮ್ಮ ಅತ್ತೆಯವರು ಹಾಸಿಗೆ ಹಿಡಿದ ವರ್ಷ. ಅವರು ನಮ್ಮೊಡನೆ ಇದ್ದ ಕೊನೆಯ ಹದಿನಾಲ್ಕು ತಿಂಗಳು, ಈ ದೇಶದ ಶುಶ್ರೂಷಾಲಯದ ದರದಲ್ಲಿ ಲೆಕ್ಕ ಹಾಕಿದರೆ, ನಮ್ಮ ಮನೆಯ ಸಾಲದಷ್ಟೇ ದೊಡ್ಡ ಬಾಬತ್ತಾಗುತ್ತಿತ್ತು. ಅವರು ಕೊನೆಯವರೆಗೂ ಕನ್ನಡದಲ್ಲಿಯೇ ನೀರು ಕೇಳಿದರು, ಕನ್ನಡದಲ್ಲಿಯೇ ಗದರಿಸಿದರು. ಆ ಸೌಲಭ್ಯಕ್ಕೆ ದರಪಟ್ಟಿ ಎಲ್ಲಿಯೂ ಸಿಕ್ಕದು. 2009ರಲ್ಲಿ ಪತಿಯ ಕೆಲಸ ಹೋಗಿ ಏಳು ತಿಂಗಳು ಮನೆಯಲ್ಲಿದ್ದಾಗ ನಾನು ಗಳಿಸಿದ್ದು ಸೊನ್ನೆ, ಉಳಿಸಿದ್ದು ಮನೆ. 2011ರಲ್ಲಿ ಕನ್ನಡ ತರಗತಿ ಆರಂಭವಾಯಿತು. ಅದರ ಮಾತು ಮುಂದೆ ಬರುತ್ತದೆ.

ಹೀಗೆ ಬರೆದೆನೆಂದು ನಾನು ಈ ದೇಶವನ್ನು ದೂಷಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. 1935ರಲ್ಲಿ ರೂಸ್ವೆಲ್ಟರು ಸಹಿ ಮಾಡಿದ ಸೋಷಿಯಲ್ ಸೆಕ್ಯುರಿಟಿ ಕಾಯಿದೆ ಮನುಕುಲದ ದೊಡ್ಡ ಉಪಕಾರಗಳಲ್ಲೊಂದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಮೊದಲ ಮಾಸಿಕ ವೇತನ 1940ರ ಜನವರಿಯಲ್ಲಿ ವರ್ಮಾಂಟಿನ ಐಡಾ ಮೇ ಫುಲ್ಲರ್ ಎಂಬಾಕೆಗೆ ಸಂದಿತು. ಮೊತ್ತ 22 ಡಾಲರ್ 54 ಸೆಂಟ್. ಆಕೆ ಒಟ್ಟು ತುಂಬಿದ್ದ ತೆರಿಗೆ 24 ಡಾಲರ್ 75 ಸೆಂಟ್. ನೂರು ವರ್ಷ ಬಾಳಿ ಪಡೆದದ್ದು 22 ಸಾವಿರ ಡಾಲರಿಗೂ ಮಿಗಿಲು. ಕೊಟ್ಟಷ್ಟನ್ನೇ ಹಿಂದಿರುಗಿಸುವ ಉಳಿತಾಯ ಖಾತೆ ಅದಲ್ಲ, ದುಡಿಯುವ ತಲೆಮಾರು ದುಡಿದು ದಣಿದ ತಲೆಮಾರನ್ನು ಸಾಕುವ ಒಪ್ಪಂದ. ನಮ್ಮ ಅವಿಭಕ್ತ ಕುಟುಂಬದ ತತ್ವವನ್ನೇ ಒಂದು ದೇಶದ ಅಳತೆಗೆ ಹಿಗ್ಗಿಸಿದಂತೆ ನನಗೆ ತೋರುತ್ತದೆ.

ಈ ಒಪ್ಪಂದದಲ್ಲಿ ಸ್ವಂತ ಹಕ್ಕಿನ ವೇತನಕ್ಕೆ 40 ಅಂಕಗಳು ಬೇಕು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಿಗುವುದಿಲ್ಲವಾದ್ದರಿಂದ ಕನಿಷ್ಠ ಹತ್ತು ವರ್ಷದ ದುಡಿಮೆ. 2025ರಲ್ಲಿ ಒಂದು ಅಂಕಕ್ಕೆ 1,810 ಡಾಲರ್ ಗಳಿಸಬೇಕಾಗಿತ್ತು. ನನ್ನ ಬಳಿ ಇರುವುದು ಆರು ಅಂಕ. ಆದರೆ 1939ರ ತಿದ್ದುಪಡಿ ಗೃಹಿಣಿಯರನ್ನು ಮರೆಯಲಿಲ್ಲ. ಪೂರ್ಣ ನಿವೃತ್ತಿಯ ವಯಸ್ಸಿನಲ್ಲಿ ಪತಿಯ ವೇತನದ ಅರ್ಧದವರೆಗೆ ಪತ್ನಿಗೆ ಸಲ್ಲುತ್ತದೆ. ಅರ್ಧಾಂಗಿ ಎಂಬ ಪದವನ್ನು ಅಮೆರಿಕದ ಕಾಂಗ್ರೆಸ್ಸು ಇಷ್ಟು ಅಕ್ಷರಶಃ ತೆಗೆದುಕೊಂಡದ್ದನ್ನು ಕಂಡು ನನಗೆ ನಗುವೂ ಬಂತು, ಗೌರವವೂ ಮೂಡಿತು. ಒಂದೇ ಕೊರತೆಯೆಂದರೆ ಆ ಹಣ ನಾನು ಮಾಡಿದ ಕೆಲಸಕ್ಕೆ ಬರುವುದಿಲ್ಲ, ನಾನು ಇಂಥವರ ಪತ್ನಿ ಎಂಬುದಕ್ಕೆ ಬರುತ್ತದೆ. ಅತ್ತೆಯವರನ್ನು ನೋಡಿಕೊಂಡಿದ್ದರೂ ಅಷ್ಟೇ, ನೋಡಿಕೊಳ್ಳದಿದ್ದರೂ ಅಷ್ಟೇ.

ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ವಿಚಾರ ನಿಮಗೆಲ್ಲ ತಿಳಿದದ್ದೇ. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ನಮ್ಮ ಔತಣಕೂಟಗಳಲ್ಲಿ ಈ ಮಾತು ಬಂದಾಗಲೆಲ್ಲ "ಬಿಟ್ಟಿ ಭಾಗ್ಯ" ಎಂಬ ಉದ್ಗಾರ ಏಳುವುದನ್ನು ಕೇಳಿದ್ದೇನೆ. ಈ ಮನೆಗಳ ಸಾಲದ ಬಡ್ಡಿಗೆ ತೆರಿಗೆಯಲ್ಲಿ ವಿನಾಯಿತಿ ಪಡೆಯುವ ನಾವು ಅದನ್ನು ಬಿಟ್ಟಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅರಸೀಕೆರೆಯ ಬಳಿಯ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳನ್ನು ಕೇಳಿದೆ, ಆ ಹಣದಲ್ಲಿ ಏನು ಮಾಡುತ್ತೀಯೆಂದು. ಗ್ಯಾಸು, ಮಾತ್ರೆ, ಮೊಮ್ಮಗಳ ಬೂಟು ಎಂದೆಲ್ಲ ಹೇಳಿ, "ಅದಿರಲಿ ಅಕ್ಕ, ಬ್ಯಾಂಕಿನಿಂದ ನನ್ನ ಹೆಸರಿಗೆ ಮೆಸೇಜು ಬರುತ್ತೆ" ಎಂದಳು. ಐವತ್ತು ದಾಟಿದ ಅವಳ ಹೆಸರಿಗೆ ಬಂದ ಮೊದಲ ಅಧಿಕೃತ ಪತ್ರ ಅದು.

ಹಾಗೆಂದು ಆಕ್ಷೇಪಗಳಲ್ಲಿ ಹುರುಳಿಲ್ಲವೆಂದಲ್ಲ. ಐದು ಗ್ಯಾರಂಟಿಗಳಿಗೆ 2024-25ರ ಆಯವ್ಯಯದಲ್ಲಿ ಸುಮಾರು 52 ಸಾವಿರ ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಗಿತ್ತು. ಅಷ್ಟು ಹಣ ಒಂದು ಕಡೆ ಹರಿದಾಗ ರಸ್ತೆಗೆ, ಶಾಲೆಗೆ, ಕೆರೆಯ ಹೂಳೆತ್ತಲು ಎಷ್ಟು ಉಳಿಯಿತೆಂದು ಕೇಳುವುದು ನಾಗರಿಕರ ಕರ್ತವ್ಯ. ಆದರೆ ಕೇಳುವ ಮುನ್ನ ಇನ್ನೊಂದು ಅಂಕಿಯನ್ನೂ ಗಮನಿಸಬೇಕು. ಭಾರತ ಸರ್ಕಾರದ 2019ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ವ್ಯಯಿಸುವುದು ಸರಾಸರಿ 299 ನಿಮಿಷ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ. 299 ನಿಮಿಷವೆಂದರೆ ಹತ್ತಿರ ಹತ್ತಿರ ಐದು ಗಂಟೆ. ಭಾನುವಾರವಿಲ್ಲ, ದಸರಾ ರಜೆಯಿಲ್ಲ.

ಇನ್ನು ಈ ದೇಶದ ಬೊಕ್ಕಸದ ಸ್ಥಿತಿ. ಕೇಂದ್ರ ಸರ್ಕಾರದ ಸಾಲ 2025ರ ಅಕ್ಟೋಬರಿನಲ್ಲಿ 38 ಲಕ್ಷ ಕೋಟಿ ಡಾಲರನ್ನು ದಾಟಿತು. 2024ರ ಆರ್ಥಿಕ ವರ್ಷದಲ್ಲಿ ಬಡ್ಡಿಗೆ ಸಂದ ಹಣ ರಕ್ಷಣಾ ವೆಚ್ಚವನ್ನೂ ಮೀರಿತು. ನಿವೃತ್ತರ ನಿಧಿ ಈಗಿನ ಗತಿಯಲ್ಲಿ 2033ರಲ್ಲಿ ಬರಿದಾಗಿ, ಆಮೇಲೆ ಬರುವ ತೆರಿಗೆಯಿಂದ ವೇತನದ 77 ಭಾಗವನ್ನಷ್ಟೇ ಕೊಡಲಾದೀತೆಂದು ಅದರ ಧರ್ಮದರ್ಶಿಗಳು 2025ರ ವರದಿಯಲ್ಲಿ ಅಂದಾಜಿಸಿದರು. ನನ್ನ ಅರ್ಧ ಪಾಲಿನ ಬಳಿಗೆ ನಾನು ತಲಪುವ ಹೊತ್ತಿಗೆ ಅದೂ ಮುಕ್ಕಾಗಿರಬಹುದು. ಮನೆಯ ಲೆಕ್ಕವನ್ನು ದೇಶಕ್ಕೆ ಅನ್ವಯಿಸಬಾರದು, ನೋಟು ಮುದ್ರಿಸುವ ಅಧಿಕಾರ ಗೃಹಿಣಿಗಿಲ್ಲ ಎಂದು ನಮ್ಮ ಉಪನ್ಯಾಸಕಿಯವರು ಎಚ್ಚರಿಸಿದ್ದರು. ಒಪ್ಪುತ್ತೇನೆ. ಸಾಲ ಮಾಡಿ ಮಗುವನ್ನು ಓದಿಸಿದವರನ್ನು ಯಾರೂ ದುಂದುಗಾರರೆನ್ನುವುದಿಲ್ಲ. ಆದರೆ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನಗಳ ಕಾಲ, ಆಯವ್ಯಯಕ್ಕೆ ಒಪ್ಪಿಗೆ ಸಿಗದೆ ಈ ಬಲಾಢ್ಯ ಸರ್ಕಾರ ಬಾಗಿಲು ಹಾಕಿಕೊಂಡಾಗ, ಬಡವರ ಆಹಾರದ ನೆರವು ಕೂಡ ನವೆಂಬರಿನಲ್ಲಿ ತಡವರಿಸಿದಾಗ, ನನಗೆ ತಡೆಯಲಾರದ ಸಿಟ್ಟು ಬಂತು. ಗಂಡಹೆಂಡಿರು ಜಗಳವಾಡಿದರೆಂದು ಮಕ್ಕಳಿಗೆ ಅನ್ನ ಬಡಿಸದ ಮನೆಯನ್ನು ನಾನು ಕಂಡಿಲ್ಲ. ಅಡುಗೆಮನೆಗೆ ಷಟ್‌ಡೌನ್ ಎಂಬುದಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಬೊಕ್ಕಸವನ್ನು ನೋಡಿಕೊಂಡವರು ಬಸವಣ್ಣನವರು. ಅದೇ ಊರಿನಲ್ಲಿ ಬೀದಿಗೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನ ಮನೆಯ ಬೊಕ್ಕಸವನ್ನು ನೋಡಿಕೊಂಡವಳು ಲಕ್ಕಮ್ಮ. ಗಂಡ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅದನ್ನು ನಿರಾಸೆಯ ಕಥೆಯೆಂದು, ತ್ಯಾಗದ ಕಥೆಯೆಂದು ವ್ಯಾಖ್ಯಾನಿಸುವುದು ವಾಡಿಕೆ. ನನಗೆ ಅದು ಲೆಕ್ಕದ ಕಥೆಯಾಗಿಯೂ ಕಾಣುತ್ತದೆ. ಎಷ್ಟು ಬಂತು, ಎಷ್ಟು ಬೇಕು ಎಂಬುದನ್ನು ಅಳೆದು ನೋಡದವಳಿಗೆ ಹೆಚ್ಚಾದದ್ದು ಹೇಗೆ ತಿಳಿಯಬೇಕು? ಅವಳ ಮೊರಕ್ಕೆ ಕಣ್ಣಿತ್ತು.

ಈಗ ನಮ್ಮ ಮನೆಯಂಗಳಕ್ಕೆ ಬರುತ್ತೇನೆ. ಸರ್ಕಾರಗಳ ಆಯವ್ಯಯದ ಮೇಲೆ ನಮ್ಮ ಮಾತು ನಡೆಯುವುದು ಕಡಿಮೆ. ನಮ್ಮ ಕನ್ನಡ ಕೂಟಗಳ ಆಯವ್ಯಯದ ಮೇಲೆ ನಡೆಯುತ್ತದೆ. ನಮ್ಮೂರಿನ ಕೂಟಕ್ಕೆ ನಾನು ಎರಡು ವರ್ಷ ಖಜಾಂಚಿಯಾಗಿದ್ದೆ. ಒಮ್ಮೆ ಕರ್ನಾಟಕದಿಂದ ಬರುವ ಗಾಯಕರ ವಿಮಾನದ ಟಿಕೆಟ್ಟು, ಸಭಾಂಗಣದ ಬಾಡಿಗೆ, ದೀಪಾಲಂಕಾರ, ಊಟ ಎಲ್ಲಕ್ಕೂ ಒಪ್ಪಿಗೆ ದೊರೆತ ಮೇಲೆ, ಪಟ್ಟಿಯ ಕೊನೆಯಲ್ಲಿದ್ದ ಭಾನುವಾರದ ಕನ್ನಡ ತರಗತಿಯ ಕೋಣೆಯ ಬಾಡಿಗೆ ಚರ್ಚೆಗೆ ಬಂತು. ವರ್ಷಕ್ಕೆ ಒಂಬೈನೂರು ಡಾಲರ್. "ಶಾಲೆಗೇಕೆ ಹಣ? ಪಾಠ ಹೇಳುವವರು ಹೇಗೂ ಬಿಟ್ಟಿ ತಾನೆ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಅವರ ಮನಸ್ಸಿನಲ್ಲಿ ಕೆಟ್ಟ ಭಾವವಿರಲಿಲ್ಲ. ನಿಜಕ್ಕೂ ನಮಗೆ ಅನುಕೂಲವನ್ನೇ ಬಯಸುತ್ತಿದ್ದೇನೆಂದು ಅವರು ನಂಬಿದ್ದರು. ಪಿಗೂ ಹೇಳಿದ ಆ ಮನೆಗೆಲಸದಾಕೆ ಅಂದು ನಮ್ಮ ಸಭೆಯಲ್ಲಿ ಎದ್ದು ನಿಂತಂತಾಯಿತು. ಕೋಣೆ ಹೋಯಿತು, ತರಗತಿ ನಮ್ಮ ಮನೆಯ ನೆಲಮಾಳಿಗೆಗೆ ಬಂತು.

ಗಾಯಕರ ಮೇಲೆ ನನಗೆ ಮುನಿಸಿಲ್ಲ. ಸುಗಮ ಸಂಗೀತ ಕೇಳಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬಳು. ಆದರೆ ಸಂಸ್ಕೃತಿಯೆಂದರೆ ವೇದಿಕೆಯ ಮೇಲೆ ನಡೆಯುವುದು, ಅದಕ್ಕೆ ಖರ್ಚಾಗುತ್ತದೆ; ಮನೆಯಲ್ಲಿ ನಡೆಯುವುದಕ್ಕೆ ಖರ್ಚಿಲ್ಲ, ಆದ್ದರಿಂದ ಅದು ಪಟ್ಟಿಯಲ್ಲಿ ಬೇಕಿಲ್ಲ ಎಂಬ ತರ್ಕವನ್ನು ನಾನು ಒಪ್ಪಲಾರೆ. ಎಂಟು ವರ್ಷದ ಹುಡುಗ 'ಹಳ್ಳಿ'ಯನ್ನು 'ಹಲ್ಲಿ' ಎನ್ನುತ್ತಾನೆ. ನಾಲಗೆಯನ್ನು ಹಿಂದಕ್ಕೆ ಮಡಿಸಿ ಆ 'ಳ'ವನ್ನು ಹೇಳಿಸಲು ಆರು ಭಾನುವಾರ ಹಿಡಿಯುತ್ತದೆ. ಆ ಆರು ಭಾನುವಾರಗಳಿಲ್ಲದೆ, ಇನ್ನಿಪ್ಪತ್ತು ವರ್ಷಗಳ ಮೇಲೆ ಗಾಯಕರನ್ನು ಕರೆಸಿದರೂ ಕೇಳುವ ಕಿವಿಗಳು ಬೇಕಲ್ಲ?

ತೆರಿಗೆಯ ಕಾನೂನೂ ಈ ತರ್ಕಕ್ಕೆ ಇಂಬು ಕೊಡುತ್ತದೆ. ಧರ್ಮಾರ್ಥ ಸಂಸ್ಥೆಗೆ ಕೊಟ್ಟ ಹಣಕ್ಕೆ ವಿನಾಯಿತಿಯುಂಟು, ಕೊಟ್ಟ ಸಮಯಕ್ಕಿಲ್ಲ. ಸೇವೆಗಾಗಿ ಕಾರು ಓಡಿಸಿದರೆ ಮೈಲಿಗೆ 14 ಸೆಂಟಿನಂತೆ ಕಳೆಯಬಹುದು. 1998ರಿಂದ ಆ 14 ಸೆಂಟು ಅಲುಗಿಲ್ಲ; ವ್ಯಾಪಾರಕ್ಕಾಗಿ ಓಡಿಸಿದ ಅದೇ ಮೈಲಿಗೆ 2025ರಲ್ಲಿ 70 ಸೆಂಟು. ಕಾರಿನ ಚಕ್ರಕ್ಕೆ ಹದಿನಾಲ್ಕು ಸೆಂಟಾದರೂ ಬೆಲೆಯಿದೆ, ಚಕ್ರ ಹಿಡಿದು ಕುಳಿತವಳಿಗೆ ಅಷ್ಟೂ ಇಲ್ಲವೆಂದು ನಾನು ಹೇಳಿದಾಗ ನಮ್ಮ ಮನೆಯವರು ಕಾಫಿ ಚೆಲ್ಲುವಷ್ಟು ನಕ್ಕರು.

ಗೃಹಿಣಿಯರಿಗೆ ಸಂಬಳ ಕೊಡಿರೆಂದು ನಾನು ಕೇಳುತ್ತಿಲ್ಲ. ಕನ್ನಡ ಕಲಿಸುವ ತಾಯಂದಿರಿಗೆ ಗೌರವಧನವನ್ನೂ ಕೇಳುತ್ತಿಲ್ಲ. ಕೊಟ್ಟರೆ ಅವರಲ್ಲಿ ಅರ್ಧ ಜನ ಅದನ್ನು ಹುಂಡಿಗೇ ಹಾಕುತ್ತಾರೆ. ನಾನು ಕೇಳಿದ್ದು ಒಂದು ಸಾಲು. ಖಜಾಂಚಿಯ ಅವಧಿ ಮುಗಿಯುವ ವರ್ಷ ವಾರ್ಷಿಕ ವರದಿಯಲ್ಲಿ ಆದಾಯ ಮತ್ತು ವೆಚ್ಚಗಳ ಕೆಳಗೆ "ಸೇವೆಯಾಗಿ ಬಂದ ಗಂಟೆಗಳು" ಎಂಬ ಶೀರ್ಷಿಕೆ ಸೇರಿಸಿದೆ. ಡಾಲರಿಗೆ ಪರಿವರ್ತಿಸಲಿಲ್ಲ. ತರಗತಿಯ ನಾಲ್ವರು ತಾಯಂದಿರು, ಅಡುಗೆಗೆ ನಿಂತವರು, ನಾಟಕಕ್ಕೆ ಬಟ್ಟೆ ಹೊಲಿದವರು, ಕುರ್ಚಿ ಜೋಡಿಸಿದ ಯುವಕರು ಎಲ್ಲರಿಂದ ಕೇಳಿ ಬರೆದೆ. ಒಟ್ಟು 1,146 ಗಂಟೆ. ಸಭೆಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಮರುವರ್ಷ ಬಂದ ಖಜಾಂಚಿ, ಗಣಕತಂತ್ರಜ್ಞರು, ಆ ಸಾಲನ್ನು ತೆಗೆಯದೆ ಮುಂದುವರಿಸಿದರು. ಕೋಣೆಯ ಬಾಡಿಗೆ ಮಾತ್ರ ಇನ್ನೂ ಮಂಜೂರಾಗಿಲ್ಲ. ಮುಂದಿನ ಸಭೆಯಲ್ಲಿ ಮತ್ತೆ ಕೇಳಲಿದ್ದೇನೆ. ನಿಮ್ಮ ನಿಮ್ಮ ಊರಿನ ಕೂಟಗಳಲ್ಲಿ ಈ ಸಾಲನ್ನು ಬರೆದು ನೋಡಿ, ಎಷ್ಟು ಬಂತೆಂದು ನನಗೂ ತಿಳಿಸಿ.

ಮಕ್ಕಳಿಬ್ಬರೂ ಗೂಡು ಬಿಟ್ಟ ಮೇಲೆ, "ಅಮ್ಮ, ಇನ್ನು ಮುಂದೆ ನಿನ್ನ ಗುರಿಯೇನು?" ಎಂದು ಮಗಳು ಕೇಳಿದ್ದಳು. ಅವಳ ತಲೆಮಾರಿನವರು ಐದು ವರ್ಷಕ್ಕೊಂದು ಯೋಜನೆ ಹಾಕಿಕೊಳ್ಳುತ್ತಾರೆ, ನೆಹರೂ ಅವರಂತೆ. ನನಗೆ ಹಾಗೆ ಹೇಳಲು ಬರುವುದಿಲ್ಲ. ನನ್ನ ಬದುಕಿನಲ್ಲಿ ಗುರಿ ಮೊದಲು ಬಂದು ಕೆಲಸ ಆಮೇಲೆ ಬಂದದ್ದಿಲ್ಲ. ಎದುರಿಗೆ ಬಂದ ಕೆಲಸವನ್ನು ಮಾಡುತ್ತ ಹೋದಂತೆ, ಬಹಳ ವರ್ಷಗಳ ಮೇಲೆ ಹಿಂದಿರುಗಿ ನೋಡಿದಾಗ, ಅದೊಂದು ದಾರಿಯಂತೆ ಕಂಡಿತು. ಮಂಡಿನೋವಿನಿಂದಾಗಿ ನೆಲಮಾಳಿಗೆಯ ಮೆಟ್ಟಿಲಿಳಿಯುವುದು ಈಚೆಗೆ ಕಷ್ಟವಾಗಿದೆ. ಬರುವ ಸೆಪ್ಟೆಂಬರಿನಿಂದ ತರಗತಿಯನ್ನು ನಡೆಸಲು ಒಬ್ಬ ಯುವಕ ಒಪ್ಪಿಕೊಂಡಿದ್ದಾನೆ. 2011ರ ಮೊದಲ ತಂಡದ ಹನ್ನೊಂದು ಮಕ್ಕಳಲ್ಲಿ ಅವನೊಬ್ಬ. 'ಹಳ್ಳಿ'ಗೆ 'ಹಲ್ಲಿ' ಎನ್ನುತ್ತಿದ್ದವನು. ಈಗ ಕೆಲಸದ ಮೇಲೆ ನಲವತ್ತು ಮೈಲಿ ದೂರದ ಊರಿನಲ್ಲಿದ್ದಾನೆ. ಪಾಠದ ಪುಸ್ತಕಗಳನ್ನೂ ಹಾಜರಿ ಪಟ್ಟಿಯನ್ನೂ ಒಪ್ಪಿಸುವಾಗ, ಹೋಗಿಬರುವ ಎಂಬತ್ತು ಮೈಲಿಗೆ ಹದಿನಾಲ್ಕು ಸೆಂಟಿನ ಲೆಕ್ಕವನ್ನು ಹೇಳಿ, ಗಂಟೆಗಳನ್ನು ಬರೆದಿಡಲು ಒಂದು ಹೊಸ ಪುಸ್ತಕವನ್ನೂ ಕೊಟ್ಟಿದ್ದೇನೆ.